ಲೊಚಗುಟ್ಟದ ಹಲ್ಲಿ

ಡಾಕ್ಟರಾಗಬೇಕು ಅನ್ನುವ ಆಸೆ ಹರ್ಷಿಣಿಗೆ ಚಿಕ್ಕಂದಿನಿಂದಲೂ ಇತ್ತು. ಆದರೆ ಕಾಯಿಲೆಯವರ ಎದುರು ಕೂತು ಅವರ ಮಾತು ಕೇಳುವುದು ತನ್ನಿಂದ ಆಗುತ್ತದೋ ಇಲ್ಲವೋ, ಅದು ಮಾತ್ರ ಗೊತ್ತಿರಲಿಲ್ಲ. ಮುಂದಿನ ವರ್ಷ ಯೂನಿವರ್ಸಿಟಿಗೆ ಕಾಲಿಡುವ ಮೊದಲು ಅದೊಂದನ್ನು ಕಣ್ಣಾರೆ ಕಂಡು ತಿಳಿದುಕೊಳ್ಳಬೇಕಿತ್ತು. ಆಕ್ಲೆಂಡಿನ ಅಂಚಿಗಿರುವ ತಮ್ಮ ಬಡಾವಣೆ ಹೆಂಡರ್ಸನ್ನಿನ ಕ್ಲಿನಿಕ್ಕುಗಳಲ್ಲೆಲ್ಲ ಕೇಳಿದ್ದಾಯಿತು. ಸ್ಕೂಲ್ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಕೊನೆಗೆ ದಾರಿ ಮಾಡಿದವಳು ಅಮ್ಮ. ಶಾಂತಾ ತನಗಾಗಿ ಯಾರ ಹತ್ತಿರವೂ ಒಂದು ಲೋಟ ನೀರು ಕೇಳದ ಹೆಂಗಸು. ಮಗಳಿಗಾಗಿ, ಯುಗಾದಿಯ ಊಟದ ಸಾಲಿನಲ್ಲಿ ಕೋಸಂಬರಿ ತಟ್ಟೆ ಹಿಡಿದುಕೊಂಡೇ ಡಾಕ್ಟರ್ ನರಸಿಂಹ ಅವರ ಬೆನ್ನು ಬಿದ್ದಳು. ಅವರು ಹುಬ್ಬಳ್ಳಿಯಲ್ಲಿ ಓದಿ ಬಂದು ಆಕ್ಲೆಂಡಿನಿಂದ ಮೂರು ಗಂಟೆ ದಾರಿಯ ಟೌರಂಗಾದಲ್ಲಿ ಕ್ಲಿನಿಕ್ ನಡೆಸುವವರು. ಈ ದೇಶಕ್ಕೆ ಬಂದು ಎಷ್ಟೋ ವರ್ಷವಾದರೂ ಮಾತು ಮಾತ್ರ ಹುಬ್ಬಳ್ಳಿ ಬಿಟ್ಟಿರಲಿಲ್ಲ.

"ಟೌರಂಗಾದ ತನಕ ಹೆಂಗ್ ಬರ್ತಾಳ್ರೀ ಆಕಿ? ಗುರುವಾರಕ್ಕೊಮ್ಮೆ ನಾ ವಿಡಿಯೋದಾಗ ಪೇಶಂಟ್ ನೋಡ್ತೀನಿ. ಅವರು ಹೂಂ ಅಂದ್ರ ಆಕಿನೂ ಮನ್ಯಾಗ ಕುಂತು ನೋಡ್ಲಿ" ಅಂದರು. ಆಮೇಲೆ ಹರ್ಷಿಣಿಯ ಕಡೆ ತಿರುಗಿದರು. "ಆದ್ರ ಕೇಳವಾ. ಕೋಣಿ ಬಾಗಿಲಾ ಮುಚ್ಚಿರಬೇಕು. ಕಿವ್ಯಾಗ ಇಯರ್‌ಫೋನ್ ಇರಬೇಕು. ನೀ ಒಬ್ಬಾಕೀನ ಇರಬೇಕು. ಗ್ವಾಡಿ ಮ್ಯಾಲಿನ ಹಲ್ಲಿ ಇದ್ದಂಗ. ನೋಡಬೇಕು, ಲೊಚಗುಟ್ಟಬಾರದು."

ಆಕ್ಲೆಂಡಿನಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಹಲ್ಲಿಯ ಲೊಚಗುಟ್ಟುವಿಕೆ ಎಲ್ಲಿಂದ ಗೊತ್ತಾಗಬೇಕು? ಮನೆಗೆ ಬರುವಾಗ ಕಾರಿನಲ್ಲಿ ಕೇಳಿದಳು. ಶಾಂತಾ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಲೊಚ್ ಲೊಚ್ ಅಂತ ಮಾಡಿ ತೋರಿಸಿದಳು. ಅಪ್ಪ ಲಿಂಗರಾಜ ನಕ್ಕು, "ನಿಮ್ಮಮ್ಮ ಹಲ್ಲಿ ಆಗೋದು ಸುಲಭ, ಸುಮ್ನಿರೋದೇ ಕಷ್ಟ" ಅಂದ.

"ರೂಲ್ಸ್ ಕೇಳಿಸ್ಕೊಂಡ್ಯಲ್ಲಾ ಅಮ್ಮಾ? ನೋ ಕಾಫಿ, ನೋ ತಿಂಡಿ. ಪ್ರಾಮಿಸ್?"

"ನನ್ನ ನೆರಳೂ ಆ ಕಡೆ ಬೀಳಲ್ಲ ಕಣೆ, ಹೋಗು."

ಮೊದಲ ಕೆಲವು ಗುರುವಾರ ಮೊಣಕಾಲು ನೋವು, ಬಿಪಿ, ಶಾಲೆಗೆ ಹೋಗಲೊಲ್ಲದ ಒಂದು ಪೋರನ ಹೊಟ್ಟೆನೋವು ಬಂದವು. ಡಾಕ್ಟರು ಔಷಧಿ ಹೇಳುವುದಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ ಅನ್ನುವುದು ಹರ್ಷಿಣಿಗೆ ಆಶ್ಚರ್ಯ. ಒಂದು ದಿನ ವಿಧವೆಯೊಬ್ಬಳು ಕೆಮ್ಮಿಗೆಂದು ಬಂದು, ಕೆಮ್ಮಿನ ಮಾತೇ ಎತ್ತದೆ ಅತ್ತು, ಕೊನೆಗೆ ಥ್ಯಾಂಕ್ಸ್ ಹೇಳಿ ಹೋದಳು. ಅಂದು ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ಹರ್ಷಿಣಿ ಕುರ್ಚಿಯಿಂದ ಏಳಲಿಲ್ಲ. ಆಗುತ್ತದೆ, ತನ್ನಿಂದ ಇದು ಆಗುತ್ತದೆ ಅನ್ನಿಸಿತು.

ಆಮೇಲಿನ ಗುರುವಾರ ಪರದೆಯ ಮೇಲೆ ಬಂದ ಮುಖ ಗುರುತಿನದು. ಟೌರಂಗಾದ ರತ್ನಾ ಆಂಟಿ. ಯುಗಾದಿಗೆ ಎಲ್ಲರೂ ಸೇರಿದಾಗ ಚಿರೋಟಿ ಮಾಡಿಕೊಂಡು ಬರುವವರು. ಅವರಿಗೂ ಎಲ್ಲರಿಗೂ ಹೇಳುವಂತೆಯೇ ಹೇಳಿದರು ಡಾಕ್ಟರು: "ಶಾಂತಾ ಅವರ ಮಗಳ್ರೀ, ಕಲಿಯಾಕತ್ತಾಳ. ಬ್ಯಾಡಂದ್ರ ಈಗ ಹೋಗ್ತಾಳ, ಸಂಕೋಚ ಬ್ಯಾಡ."

ರತ್ನಾ ಒಂದು ಕ್ಷಣ ತಡೆದರು. ಆಮೇಲೆ ನಕ್ಕರು. "ಕಲಿಯೋ ಮಕ್ಕಳಿಗೆ ಬೇಡ ಅನ್ಬಾರ್ದು ಡಾಕ್ಟ್ರೇ, ಇರ್ಲಿ. ಮಗಾ, ಇಲ್ಲಿ ಕೇಳಿದ್ದು ಇಲ್ಲೇ ಇರ್ಲಿ, ಆಯ್ತಾ?"

"ಹೂಂ ಆಂಟಿ" ಅಂದಳು ಹರ್ಷಿಣಿ. ಅಷ್ಟು ಹೇಳಿ ಮೈಕ್, ಕ್ಯಾಮೆರಾ ಎರಡನ್ನೂ ಆರಿಸಿದಳು.

ರತ್ನಾರ ಬಲಗೈ ನಡುಗುತ್ತಿತ್ತು. ಸೀರೆಯ ನೆರಿಗೆ ಹಿಡಿಯುವಾಗ ಅಲ್ಲ, ಸುಮ್ಮನೆ ತೊಡೆಯ ಮೇಲಿಟ್ಟಾಗ. ಡಾಕ್ಟರು ಕೈ ಮುಂದೆ ಚಾಚಿಸಿದರು, ಹೆಬ್ಬೆರಳಿಗೆ ತೋರುಬೆರಳು ತಟ್ಟಿಸಿದರು, ಎದ್ದು ನಾಲ್ಕು ಹೆಜ್ಜೆ ನಡೆಸಿದರು. "ಏನಂತ ಈಗ್ಲೇ ಹೇಳಾಕ ಬರೂದಿಲ್ರೀ. ಎದುರಿಗೆ ಬರ್ರಿ, ನೋಡೂಣು. ಸ್ಪೆಷಲಿಸ್ಟೂ ನೋಡ್ಲಿ. ಮನ್ಯಾಗ ಹೇಳೀರೇನು?"

"ಇಲ್ಲ. ಮಗಳು ಲಾಸ್ಯಾಗೆ ಹೆರಿಗೆ ದಿನ ಹತ್ರ ಬಂತು. ಗೊತ್ತಾದ್ರೆ ಮಗೂನ ನನ್ನ ಕೈಗೆ ಕೊಡ್ತಾಳಾ? ಅವಳನ್ನೂ ನಾನು ಇದೇ ಕಾಲ ಮೇಲೆ ಮಲಗಿಸ್ಕೊಂಡು ಎಣ್ಣೆ ನೀರು ಹಾಕಿದ್ದು ಡಾಕ್ಟ್ರೇ. ಇದೊಂದು ಬಾಣಂತನ ಮುಗೀಲಿ, ಆಮೇಲೆ ನಾನೇ ಹೇಳ್ತೀನಿ."

"ನೀವೊಬ್ಬರ ಕೂಸಿನ್ನ ಮೀಯಿಸಬ್ಯಾಡ್ರಿ, ಜೋಡಿಗೆ ಒಬ್ಬರು ಇರ್ಲಿ. ಆದ್ರ ಮಗಳಿಗೆ ನೀವ ಹೇಳಬೇಕು. ನಿಮ್ಮ ಬಾಯಿಂದನ ಹೋಗಬೇಕು."

"ಹೇಳ್ತೀನಿ" ಅಂದರು ರತ್ನಾ, ಚಾಚಿದ ಕೈಗಳನ್ನು ನೋಡಿಕೊಳ್ಳುತ್ತ.

ಮುಗಿದ ಮೇಲೆ ಹರ್ಷಿಣಿ ಇಯರ್‌ಫೋನ್ ತೆಗೆದು ಹಿಂದೆ ತಿರುಗಿದಳು. ಮಂಚದ ಮೇಲೆ ಒಗ್ಗರಣೆ ಅವಲಕ್ಕಿಯ ತಟ್ಟೆ ಇತ್ತು. ಮೇಲೆ ಕಾಯಿತುರಿ, ಪಕ್ಕದಲ್ಲಿ ಅವಳಿಗಿಷ್ಟವೆಂದು ಆರಿಸಿಟ್ಟ ಗೋಡಂಬಿ. ಅಮ್ಮ ಯಾವಾಗ ಬಂದಳು? ಪರದೆಯ ಮಾತು ಇಯರ್‌ಫೋನಿನೊಳಗೇ ಇತ್ತಲ್ಲ ಅಂದುಕೊಂಡು ಸಮಾಧಾನಪಟ್ಟಳು. ಅವಲಕ್ಕಿ ತಣ್ಣಗಾಗಿತ್ತು. ಆದರೂ ಪೂರ್ತಿ ತಿಂದಳು.

ಮರುದಿನ ಶಾಲೆಯಿಂದ ಬರುತ್ತಿರುವಾಗ ಡಾಕ್ಟರ ಫೋನ್ ಬಂತು. ಗುರುವಾರ ಬಿಟ್ಟರೆ ಅವರು ಎಂದೂ ಮಾಡಿದವರಲ್ಲ.

"ಫೋಟೋ ಯಾರ್ ತಗದ್ರು ಹರ್ಷಿಣಿ?"

"ವಾಟ್ ಫೋಟೋ, ಅಂಕಲ್?"

ಅವರು ಸ್ಕ್ರೀನ್‌ಶಾಟ್ ಕಳಿಸಿದರು. ಆಕ್ಲೆಂಡಿನಿಂದ ಟೌರಂಗಾದವರೆಗಿನ ಕನ್ನಡ ಹೆಂಗಸರ ವಾಟ್ಸಾಪ್ ಗುಂಪಿನದು. ಡಾಕ್ಟರ ಹೆಂಡತಿ ನೋಡಿ ಅವರಿಗೆ ತೋರಿಸಿದ್ದರಂತೆ. ಹಿಂದಿನಿಂದ ತೆಗೆದ ಚಿತ್ರ. ಹರ್ಷಿಣಿಯ ಜಡೆ, ಬಾಗಿದ ಬೆನ್ನು. ಅದರಾಚೆ ಪರದೆಯ ತುಂಬ ರತ್ನಾ ಆಂಟಿ, ಎರಡೂ ಕೈ ಮುಂದೆ ಚಾಚಿ. ಕೆಳಗೆ ಅಮ್ಮ ಬರೆದಿದ್ದಳು: "ನಮ್ಮನೆ ಡಾಕ್ಟರ್ ಕೆಲಸಕ್ಕೆ ಕೂತಾಗ."

ಅದರ ಕೆಳಗೆ ಎಲ್ಲರ ಸಂಭ್ರಮ. "ಶಾಂತಾ, ಇನ್ಮೇಲೆ ನೆಗಡಿ ಕೆಮ್ಮಿಗೆಲ್ಲ ನಿಮ್ಮನೆಗೇ ಬರೋದು, ಕಾಫಿ ಫ್ರೀ ಅಲ್ವಾ?" "ಸ್ಕ್ರೀನಲ್ಲಿ ನಮ್ಮ ರತ್ನಾನಾ? ಇದೇನು ಜುಂಬಾ ಡ್ಯಾನ್ಸ್ ಕ್ಲಾಸಾ?" ಅದಕ್ಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಇಂದಿರಾ ಆಂಟಿ, ಯೋಚಿಸದೆ ಬೆರಳಾಡಿಸಿದ್ದರು: "ಜುಂಬಾ ಅಲ್ಲ ಕಣ್ರೇ, ಕೈ ನಡುಕ ನೋಡೋದು ಹಾಗೆ." ಬರೆದ ಮೇಲೆ ಎಚ್ಚೆತ್ತು ಅಳಿಸಿದರಂತೆ. ಅಷ್ಟರಲ್ಲಿ ಅದೇ ಗುಂಪಿನಲ್ಲಿದ್ದ ಲಾಸ್ಯಾ ಓದಿಯಾಗಿತ್ತು.

"ಪೇಶಂಟ್ ನನ್ನ ನಂಬಿದ್ರು. ನಾ ನಿನ್ನ ನಂಬಿದ್ದೆ" ಅಂದರು ಡಾಕ್ಟರು. ದನಿ ಏರಿರಲಿಲ್ಲ. "ನಡೆದದ್ದನ್ನ ನಾ ರತ್ನಾ ಅವರಿಗೂ ಕ್ಲಿನಿಕ್ಕಿಗೂ ಹೇಳೀನಿ. ಇನ್ನ ಗುರುವಾರ ಬ್ಯಾಡವಾ."

"ಅಂಕಲ್, ನಾನಲ್ಲ..."

"ಗೊತ್ತದ. ಬಾಗಿಲಾ ಮಾತ್ರ ನಿಂದಾಗಿತ್ತು."

ಮನೆಗೆ ಬಂದಾಗ ಶಾಂತಾ ವೃದ್ಧರ ರೆಸ್ಟ್ ಹೋಮಿನ ಕೆಲಸ ಮುಗಿಸಿ ಬಂದು ಬಟ್ಟೆ ಮಡಿಸುತ್ತಿದ್ದಳು. ಹರ್ಷಿಣಿ ಫೋನನ್ನು ಅವಳ ಮುಖಕ್ಕೆ ಹಿಡಿದಳು.

"ಯೂ ಪ್ರಾಮಿಸ್ಡ್ ಮೀ."

"ಡಿಲೀಟ್ ಮಾಡಿದೆ ಕಣೆ. ಡಾಕ್ಟರ ಮನೆಯವರು ಫೋನ್ ಮಾಡಿ ಹೇಳಿದ ತಕ್ಷಣ ಮಾಡಿದೆ." ಶಾಂತಾಳ ಕೈಯಲ್ಲಿ ಮಗಳ ಯೂನಿಫಾರ್ಮಿನ ತೋಳು ಇತ್ತು. "ನಾನು ಸ್ಕ್ರೀನ್ ನೋಡ್ಲೇ ಇಲ್ಲ, ಹರ್ಷೂ. ನಿನ್ನೇ ನೋಡ್ತಿದ್ದೆ. ಅಷ್ಟು ನೆಟ್ಟಗೆ, ಅಲ್ಲಾಡದೆ ಕೂತಿದ್ದೆ. ಈ ಮನೇಲಿ ಯಾರೂ ಹಾಗೆ ಕೂತಿದ್ದು ನಾನು ನೋಡಿರ್ಲಿಲ್ಲ. ನಾಲ್ಕು ಜನಕ್ಕೆ ತೋರಿಸೋಣ ಅನ್ನಿಸ್ತು."

ಅದು ನಿಜವೆಂದು ಹರ್ಷಿಣಿಗೆ ಗೊತ್ತಿತ್ತು. ಅಮ್ಮ ಸುಳ್ಳು ಹೇಳುವವಳಲ್ಲ. ಸುಳ್ಳಾಗಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು.

ರತ್ನಾ ಆಂಟಿಗೆ ಅವಳೇ ಫೋನ್ ಮಾಡಿದಳು. ಸಾರಿ ಅನ್ನುವ ಮಾತನ್ನು ಎರಡು ಭಾಷೆಯಲ್ಲೂ ಹೇಳಿದಳು.

"ಲಾಸ್ಯಾ ಕೂಗಾಡ್ಲಿಲ್ಲ ಮಗಾ" ಅಂದರು ರತ್ನಾ. "ಬಂದು ನನ್ನ ಕೈ ಹಿಡ್ಕೊಂಡು ನೋಡಿದ್ಲು. 'ಊರಿಗೆಲ್ಲಾ ಗೊತ್ತಾದ್ಮೇಲೆ ನಂಗೆ ಗೊತ್ತಾಗ್ಬೇಕಿತ್ತಾ ಅಮ್ಮಾ' ಅಂದ್ಲು. ಬಾಣಂತನಕ್ಕೆ ಅವಳ ಅತ್ತೆ ದಾವಣಗೆರೆಯಿಂದ ಬರ್ತಾರಂತೆ. ನಾನು ಅಡುಗೆ ನೋಡ್ಕೊಂಡ್ರೆ ಸಾಕಂತೆ."

"ಐ ಡಿಡಂಟ್ ಟೆಲ್ ಎನಿವನ್, ಆಂಟಿ. ನಿಜವಾಗ್ಲೂ."

"ಇಲ್ಲ ಅಂತ ನಾನೂ ಅನ್ಕೊಂಡೆ. ಆದ್ರೂ ನೀನು ಹೂಂ ಅಂದಿದ್ದೆ, ನೋಡು. ಅದೇ ಕಿವೀಲಿದೆ." ಆಮೇಲೆ, ಬಯ್ಯುವವರಂತಲ್ಲದೆ, ಬರೀ ತಿಳಿಸುವವರಂತೆ, "ಇನ್ನು ನನ್ನ ಜೊತೆ ಯಾರನ್ನೂ ಕೂರಿಸ್ಬೇಡಿ ಅಂತ ಡಾಕ್ಟರಿಗೆ ಹೇಳ್ಬಿಟ್ಟಿದೀನಿ. ಚೆನ್ನಾಗಿ ಓದ್ಕೋ" ಅಂದು ಫೋನ್ ಇಟ್ಟರು.

ಹರ್ಷಿಣಿ ಅಡುಗೆಮನೆಗೆ ನೀರು ಕುಡಿಯಲು ಬಂದಳು. ಶಾಂತಾ ಒಲೆಯ ಮುಂದೆ ಸೆರಗಿಲ್ಲದ್ದರಿಂದ ಕುರ್ತಾದ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. "ನಾನೂ ಮಾತಾಡ್ತೀನಿ ರತ್ನಾ ಹತ್ರ. ಕಾಲು ಹಿಡ್ಕೋತೀನಿ ಬೇಕಾದ್ರೆ" ಅಂದಳು. ಮೂಗು ಸೇದಿದಳು. ಸ್ವಲ್ಪ ಹೊತ್ತಿಗೆ, ನಿಜವಾದ ಕಳಕಳಿಯಿಂದಲೇ, ದನಿ ತಗ್ಗಿಸಿ ಕೇಳಿದಳು: "ಪಾಪ, ಅವಳಿಗೆ ಏನಂತೆ ಹರ್ಷೂ? ಡಾಕ್ಟರು ಏನಂದ್ರು?"

ಹರ್ಷಿಣಿ ಲೋಟ ಕೆಳಗಿಟ್ಟಳು. ಅಮ್ಮನ ಮುಖವನ್ನು ಮೊದಲ ಬಾರಿಗೆ ನೋಡುವವಳಂತೆ ನೋಡಿದಳು. ಬೇರೆ ದಿನವಾಗಿದ್ದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಇವತ್ತು ಒಂದಕ್ಷರವೂ ತಪ್ಪದೆ ತಲುಪಬೇಕಿತ್ತು.

"ನಿನಗೆ ಹೇಳಲ್ಲ ಅಮ್ಮಾ."

"ನಾನು ಯಾರಿಗೂ..."

"ಯಾವತ್ತೂ ಹೇಳಲ್ಲ."

ಕೋಣೆಗೆ ಹೋಗಿ ಬಾಗಿಲು ಮುಚ್ಚಿದಳು. ಲ್ಯಾಪ್‌ಟಾಪಿನಲ್ಲಿ ಮುಂದಿನ ಗುರುವಾರದ ಮೀಟಿಂಗು ಅಳಿಸಿಹೋಗಿತ್ತು, ಅದರ ಮುಂದಿನದೂ. ಕತ್ತಲಾಗುವ ಹೊತ್ತಿಗೆ ಒಗ್ಗರಣೆಯ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು. ಹೆಜ್ಜೆ ಹತ್ತಿರ ಬಂದು ನಿಂತಿತು. ಹಿಡಿಕೆ ತಿರುಗಲಿಲ್ಲ, ಯಾರೂ ಬಾಗಿಲು ಬಡಿಯಲಿಲ್ಲ. ತಟ್ಟೆಯನ್ನು ನೆಲಕ್ಕಿಟ್ಟ ಸಣ್ಣ ಸದ್ದಾಯಿತು.

ಹರ್ಷಿಣಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಏನೂ ಇಲ್ಲದ ಪರದೆಯ ಎದುರು ನೆಟ್ಟಗೆ ಕೂತಳು.