ಕೇಕು ಹಿಡಿದು ಹಿಂದಿನ ಸೀಟಿನಲ್ಲಿ

ಹೊಸ ಕಾರು ಬಂದ ದಿನ ನಾನು ನೋಡಿದ್ದು ಅದರ ಬಣ್ಣವನ್ನಲ್ಲ. ನನ್ನ ಗಂಡ ಐವಿಂದ್ ಅದರಿಂದ ಇಳಿದವನು ಮನೆಯ ಕಡೆ ಬರದೆ ನೇರವಾಗಿ ಸುನ್ನೀವಳ ಬೇಲಿಯ ಕಡೆ ನಡೆದನಲ್ಲ, ಅದನ್ನು. ನಾನು ಅಡುಗೆಮನೆಯ ಕಿಟಕಿಯ ಹತ್ತಿರ ಆಲೂಗಡ್ಡೆ ಸುಲಿಯುತ್ತಿದ್ದೆ. ಸುಲಿಯುವುದನ್ನು ನಿಲ್ಲಿಸಲಿಲ್ಲ. ಆದರೆ ಕೊನೆಗೆ ಕೈಯಲ್ಲಿ ಆಲೂಗಡ್ಡೆ ಅನ್ನುವಂಥದ್ದು ಏನೂ ಉಳಿದಿರಲಿಲ್ಲ.

ಸುನ್ನೀವ ಪಕ್ಕದ ಮನೆಯವಳು. ಕೊಲ್ಲಿಯ ದಂಡೆಯ ರಸ್ತೆಯಲ್ಲಿ ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತಳಾದವಳು. ಉದ್ದ ಕೈ, ಉದ್ದ ಕಾಲು, ಎಪ್ಪತ್ತು ದಾಟಿದರೂ ಬಾಗದ ಬೆನ್ನು. ಗಂಡ ತೀರಿಕೊಂಡ ಮಾರನೆಯ ವರ್ಷ ಅವಳು ಇಂಥದೇ ಒಂದು ಬ್ಯಾಟರಿ ಕಾರು ಕೊಂಡಿದ್ದಳು. ಹಾಗಾಗಿ ನಮ್ಮ ಕಾರಿನ ಗುಟ್ಟುಗಳೆಲ್ಲ ಅದು ನಮ್ಮದಾಗುವ ಮೊದಲೇ ಅವಳಿಗೆ ಗೊತ್ತಿದ್ದವು.

ನಮ್ಮ ಹಳೆಯ ಕಾರಿಗೆ ಗುಟ್ಟುಗಳಿರಲಿಲ್ಲ. ಕಿಟಕಿ ಇಳಿಸಲು ಹಿಡಿ ತಿರುಗಿಸಬೇಕು, ಚಳಿಗಾಲದಲ್ಲಿ ಗಾಜಿನ ಮಂಜು ಕೆರೆಯಬೇಕು. ಇಲ್ಲಿ ಓಡಿಸುವವರು ಕೂರುವುದು ಎಡಗಡೆ. ಆ ಕಾರಿನ ಮುಂದಿನ ಸೀಟಿನಲ್ಲಿ ಐವಿಂದನ ಬಲಕ್ಕೆ ನಾನು ಎಷ್ಟು ವರ್ಷ ಕೂತಿದ್ದೆನೆಂದರೆ, ಸೀಟು ನನ್ನ ಮೈಯ ಆಕಾರಕ್ಕೆ ತಗ್ಗಿಹೋಗಿತ್ತು. ಈಸ್ಟರಿಗೆ ಬೆಟ್ಟಕ್ಕೆ ಹೋಗುವಾಗ ಅಲ್ಲಿ ಕೂತೇ ಕಿತ್ತಳೆ ಬಿಡಿಸಿ ತೊಳೆ ತೊಳೆಯಾಗಿ ಅವನ ಬಾಯಿಗೆ ಕೊಡುತ್ತಿದ್ದೆ. ಅವನ ಕನ್ನಡಕ ಒರೆಸುತ್ತಿದ್ದೆ. ಐವಿಂದ್ ಸುರಂಗ ಕೊರೆಯುವ ಕೆಲಸದಲ್ಲಿದ್ದಾಗ ಕತ್ತಿಗೆ ಪೆಟ್ಟು ತಿಂದವನು. ಅಂದಿನಿಂದ ತಲೆ ಬಲಕ್ಕೆ ತಿರುಗುವುದಿಲ್ಲ. ಇಲ್ಲಿನ ರಸ್ತೆಗಳಲ್ಲಿ ಬಲದಿಂದ ಬಂದವರಿಗೇ ಮೊದಲ ದಾರಿ. ಕೂಡುರಸ್ತೆ ಬಂದಾಗ ಅವನು ಎಡಕ್ಕೆ ನೋಡುತ್ತಿದ್ದ, ನಾನು ಬಲಕ್ಕೆ ನೋಡಿ, ಖಾಲಿ, ಅನ್ನುತ್ತಿದ್ದೆ. ಅವನು ಹೋಗುತ್ತಿದ್ದ. ಲೈಸೆನ್ಸು ಅವನೊಬ್ಬನದು, ಆದರೆ ಓಡಿಸುತ್ತಿದ್ದವರು ನಾವಿಬ್ಬರು.

ಹೊಸ ಕಾರು ನಾಲ್ಕೂ ದಿಕ್ಕನ್ನು ತಾನೇ ನೋಡುತ್ತದೆ. ಯಾರಾದರೂ ಬಂದರೆ ತಾನೇ ಗಂಟೆ ಬಾರಿಸುತ್ತದೆ. ಅದನ್ನು ಕೇಳಿದಾಗ ಐವಿಂದನಿಗೆ ಹತ್ತು ವರ್ಷ ಚಿಕ್ಕವನಾದಂತಾಯಿತು. ನನಗೆ ಏನಾಯಿತೆಂದು ಅವನು ಕೇಳಲಿಲ್ಲ.

ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಸುನ್ನೀವ ಬರುತ್ತಿದ್ದಳು. ಅಂಗಳದಲ್ಲಿ ನಿಂತ ಕಾರಿನೊಳಗೆ ಇಬ್ಬರೂ ಕೂರುತ್ತಿದ್ದರು. ಅವನು ಸ್ಟಿಯರಿಂಗ್ ಚಕ್ರದ ಹಿಂದೆ, ಅವಳು ಅವನ ಬಲಕ್ಕೆ. ಕಾರು ಎಲ್ಲಿಗೂ ಹೋಗುತ್ತಿರಲಿಲ್ಲ. ಬಾಗಿಲು ಮುಚ್ಚಿದರೆ ಒಂದು ಮಾತೂ ಹೊರಗೆ ಕೇಳದು, ಅಷ್ಟು ದಪ್ಪ ಗಾಜು. ನಗು ಮಾತ್ರ ಕಾಣಿಸುತ್ತಿತ್ತು. ಸದ್ದಿಲ್ಲದ ನಗು ಸದ್ದಿರುವ ನಗುವಿಗಿಂತ ಕೆಟ್ಟದ್ದು. ಯಾತಕ್ಕೆ ನಕ್ಕರೆಂದು ನಾವೇ ಊಹಿಸಬೇಕಾಗುತ್ತದೆ, ನಾವು ಒಳ್ಳೆಯದನ್ನು ಊಹಿಸುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತರೆ ತಟ್ಟೆಯಲ್ಲಿ ಉಪ್ಪಿಗಿಂತ ಸುನ್ನೀವಳೇ ಜಾಸ್ತಿ. ಸ್ಟಿಯರಿಂಗ್ ಚಕ್ರ ಬೆಚ್ಚಗಾಗುತ್ತದಂತೆ, ಸುನ್ನೀವ ತೋರಿಸಿದಳು. ಹಾಸಿಗೆಯಲ್ಲಿ ಮಲಗಿಕೊಂಡೇ ಫೋನಿನಿಂದ ಕಾರನ್ನು ಬಿಸಿ ಮಾಡಿಡಬಹುದು, ಸುನ್ನೀವ ದಿನಾ ಹಾಗೇ ಮಾಡುತ್ತಾಳೆ. ಕೈಯಲ್ಲಿ ಸಾಮಾನಿದ್ದರೆ ಹಿಂದೆ ನಿಂತು ಕಾಲು ಬೀಸಿದರೆ ಸಾಕು, ಡಿಕ್ಕಿ ತೆರೆದುಕೊಳ್ಳುತ್ತದೆ. ಇದನ್ನು ಕಲಿಯಲು ಐವಿಂದನಿಗೆ ಒಂದು ಬೆಳಗೆಲ್ಲ ಹಿಡಿಯಿತು. ಕಾರಿನ ಹಿಂದೆ ನಿಂತು ಬೆಕ್ಕನ್ನು ಒದೆಯುವವನ ಹಾಗೆ ಕಾಲು ಬೀಸಿದ್ದೇ ಬೀಸಿದ್ದು. ಸುನ್ನೀವ ಅವನ ಮೊಣಕಾಲ ಕೆಳಗೆ ಹಿಡಿದು, ಹೀಗೆ, ಇಷ್ಟೇ, ಎಂದು ಬೀಸಿಸಿದಳು. ಅದನ್ನು ನೋಡಿದ ಮೇಲೆ ನಾನು ಕಿಟಕಿಯ ಪರದೆ ಎಳೆದೆ. ಆಮೇಲೆ ಪರದೆಯ ಸಂದಿಯಿಂದ ನೋಡಿದೆ.

ನನಗೂ ತೋರಿಸು ಎಂದು ಒಂದು ಸಲ ಕೇಳಿದ್ದುಂಟು. ಐವಿಂದ್ ನನ್ನ ಕೈ ಸವರಿ ಹೇಳಿದ. "ನಿನಗ್ಯಾಕೆ ಮಾಗ್ನಿ ಈ ತಲೆನೋವು? ನೀನು ಸುಮ್ನೆ ಕೂತ್ಕೋ. ಎಲ್ಲಾ ಅದೇ ನೋಡ್ಕೊಳ್ಳುತ್ತೆ."

ಪ್ರೀತಿಯಿಂದಲೇ ಹೇಳಿದ.

ಹೀಗಿರುವಾಗ ಕೊಲ್ಲಿಯ ಆಚೆ ದಡದಲ್ಲಿರುವ ಐವಿಂದನ ಅಕ್ಕ ಊಡ್ನಿಗೆ ಎಂಬತ್ತು ತುಂಬಿತು. ದೊಡ್ಡ ಹುಟ್ಟುಹಬ್ಬ. ಕ್ರಾನ್ಸೆಕಾಕೆ ನಾನೇ ಮಾಡಬೇಕೆಂದು ಅವಳು ಬೇಸಿಗೆಯಲ್ಲೇ ಹೇಳಿಟ್ಟಿದ್ದಳು. ಬಾದಾಮಿ ಹಿಟ್ಟಿನ ಬಳೆಗಳನ್ನು ದೊಡ್ಡದರ ಮೇಲೆ ಚಿಕ್ಕದು, ಚಿಕ್ಕದರ ಮೇಲೆ ಇನ್ನೂ ಚಿಕ್ಕದು ಎಂದು ಪೇರಿಸಿ, ಸಕ್ಕರೆಪಾಕದಿಂದ ಅಂಟಿಸಿ, ಸುತ್ತ ಕಾಗದದ ಬಾವುಟ ಚುಚ್ಚುವ ಗೋಪುರ ಅದು. ನಮ್ಮಲ್ಲಿ ಮದುವೆಗೂ ಅದೇ, ಮಣ್ಣಿಗೂ ಅದೇ. ಎರಡು ದಿನ ಕೂತು ಮಾಡಿದೆ. ಹೊರಡುವ ಬೆಳಿಗ್ಗೆ ಅದನ್ನು ಹಿಡಿದು ಬಾಗಿಲಿಗೆ ಬಂದರೆ, ಸುನ್ನೀವ ನೀಲಿ ಕೋಟು ಹಾಕಿಕೊಂಡು ಕಾರಿನ ಪಕ್ಕ ನಿಂತಿದ್ದಳು.

ಐವಿಂದ್ ನನ್ನ ಮುಖ ನೋಡದೆ ವಿವರಿಸಿದ. ಹೊಸ ಕಾರನ್ನು ಫೆರಿಗೆ ಹತ್ತಿಸಿ ಅವನಿಗೆ ಅಭ್ಯಾಸವಿಲ್ಲ, ಆಚೆ ದಡದಲ್ಲಿ ಉದ್ದದ ಸುರಂಗ ಬೇರೆ ಇದೆ. ಸುನ್ನೀವ ಪಕ್ಕದಲ್ಲಿದ್ದರೆ ಧೈರ್ಯ. ಅಲ್ಲದೆ ಊಡ್ನಿಗೂ ಅವಳ ಪರಿಚಯವಿದೆ.

"ಕೇಕಿಗೆ ಹಿಂದೇನೇ ಜಾಗ ಜಾಸ್ತಿ ಮಾಗ್ನಿ. ನಿನ್ನಷ್ಟು ಹುಷಾರಾಗಿ ಯಾರು ಹಿಡ್ಕೊಳ್ತಾರೆ?" ಎಂದಳು ಸುನ್ನೀವ. ಹೇಳಿ ಮುಂದಿನ ಬಾಗಿಲು ತೆರೆದು ಕೂತಳು.

ನಾನು ಹಿಂದೆ ಕೂತೆ. ತೊಡೆಯ ಮೇಲೆ ಗೋಪುರ, ಗೋಪುರದ ಬಾವುಟಗಳ ನಡುವಿನಿಂದ ಎರಡು ತಲೆಗಳು. ಒಂದು ಬಿಳಿ, ಒಂದು ಬೂದಿ. ಕಾರು ಬಿಳಿ ಗೆರೆಯೊಳಗೆ ತಾನೇ ತಿರುಗಿಕೊಂಡು ಹೋಗುತ್ತಿತ್ತು. ಮುಂದಿನ ಲಾರಿ ನಿಧಾನವಾದರೆ ತಾನೂ ನಿಧಾನವಾಗುತ್ತಿತ್ತು. ಕೈ ಬಿಡು, ನಂಬು ಅದನ್ನ, ಎನ್ನುತ್ತಿದ್ದಳು ಸುನ್ನೀವ. ಅವನು ನಂಬುತ್ತಿದ್ದ. ಇಗರ್ಜಿಯ ಹತ್ತಿರದ ಕೂಡುರಸ್ತೆಯಲ್ಲಿ ಕಾರು ನಿಂತಾಗ ಅಭ್ಯಾಸಬಲದಿಂದ ನನ್ನ ಬಾಯಿ, ಬಲಕ್ಕೆ ಖಾಲಿ, ಎಂದಿತು. ನಿಜ ಹೇಳಬೇಕೆಂದರೆ ಬಾವುಟಗಳ ಆಚೆ ನನಗೆ ಬಲಗಡೆಯ ರಸ್ತೆ ಕಾಣುತ್ತಿರಲಿಲ್ಲ. ಐವಿಂದ್ ಕದಲಲಿಲ್ಲ. ಸುನ್ನೀವ ಒಮ್ಮೆ ಬಲಕ್ಕೆ ನೋಡಿ, ಹೂಂ ಹೋಗು, ಎಂದಳು. ಹೋದ.

ಆಮೇಲೆ ಫೆರಿ ಬರುವ ತನಕ ಕೂಡುರಸ್ತೆಗಳಲ್ಲಿ ನಾನು ಎಡಕ್ಕೇ ನೋಡಿದೆ. ಅವರು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ.

ಫೆರಿ ಹತ್ತಿದ ಮೇಲೆ ಎಲ್ಲರೂ ಮಾಡುವಂತೆ ಮೇಲಿನ ಅಂತಸ್ತಿಗೆ ಹೋಗಿ ಸ್ವೇಲೆ ತಿನ್ನಬೇಕು. ಬೆಣ್ಣೆ, ಸಕ್ಕರೆ ಸವರಿ ಮಡಚಿ ಕೊಡುವ ದಪ್ಪ ಸಿಹಿ ದೋಸೆ. ಅದು ತಿನ್ನದಿದ್ದರೆ ಕೊಲ್ಲಿ ದಾಟಿದಂತೆಯೇ ಅಲ್ಲ. ಬರ್ತೀಯಾ ಎಂದು ಐವಿಂದ್ ಕೇಳಿದ. ಕೇಕು ಯಾರು ನೋಡಿಕೊಳ್ಳುತ್ತಾರೆ, ಎಂದೆ. ಅದನ್ನು ಸೀಟಿನ ಮೇಲಿಡು, ಬಾ, ಎಂದು ಅವನು ಹೇಳಬಹುದಿತ್ತು. ನಾನು ಕಾದದ್ದು ಅದಕ್ಕೇ. ಅವನು, ಸರಿ, ನಿನಗೊಂದು ತರ್ತೀನಿ, ಎಂದು ಹೊರಟ.

ಇಬ್ಬರೂ ಕಬ್ಬಿಣದ ಮೆಟ್ಟಿಲ ಕಡೆ ನಡೆದರು. ಅವರು ದೂರವಾದಂತೆ ಕಾರಿನ ಎರಡು ಕನ್ನಡಿಗಳು ಹೆದರಿದ ನಾಯಿಯ ಕಿವಿಯ ಹಾಗೆ ಒಳಕ್ಕೆ ಮಡಚಿಕೊಂಡವು. ಎಲ್ಲೋ ಟಕ್ ಎಂದಿತು. ಹೊಸ ಕಾರು ಏನೇನೋ ಮಾಡುತ್ತದೆ ಎಂದು ಸುಮ್ಮನಿದ್ದೆ.

ನಾವಿಬ್ಬರೂ ಯಾವತ್ತೂ ಒಂದೇ ಸ್ವೇಲೆ ಕೊಳ್ಳುತ್ತಿದ್ದದ್ದು. ಅವನು ಹರಿದು ದೊಡ್ಡ ತುಂಡನ್ನು ನನಗೆ ಕೊಡುತ್ತಿದ್ದ. ಈಗ ಮೇಲೆ ಏನು ನಡೆಯುತ್ತಿದೆ? ಒಂದು ಕೊಂಡನೋ ಎರಡೋ? ನಗೆ ಬರುತ್ತದೆ ನೀವು ಓದಿದರೆ. ಆದರೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೆಟ್ಟಿಲ ಬಾಗಿಲ ಗಾಜಿನಲ್ಲಿ ಏನಾದರೂ ಕಂಡೀತೇ ಎಂದು ಕೇಕಿನೊಡನೆಯೇ ಎರಡು ಸೀಟುಗಳ ನಡುವೆ ಮುಂದಕ್ಕೆ ಬಾಗಿದೆ.

ಕಾರು ಕಿರುಚಿಕೊಂಡಿತು.

ದೀಪಗಳು ಮಿಣಮಿಣ ಉರಿದು ಆರಿದವು. ನಾನು ಕೇಕನ್ನು ಎದೆಗೆ ಅಪ್ಪಿಕೊಂಡೆ. ಮೇಲಿನ ಬಳೆಗಳು ಕಿತ್ತುಬಂದು ಮಡಿಲಲ್ಲಿ ಬಿದ್ದವು. ಬಾಗಿಲ ಹಿಡಿ ಎಳೆದರೆ ಬಾಗಿಲು ಬರಲಿಲ್ಲ, ಕಿರುಚಾಟ ಮಾತ್ರ ಹೆಚ್ಚಾಯಿತು. ಅಕ್ಕಪಕ್ಕದ ಕಾರುಗಳವರು ತಿರುಗಿ ನೋಡಿದರು. ಕಿತ್ತಳೆ ಬಣ್ಣದ ಅಂಗಿಯ, ನಮಗೆ ಗುರುತಿನ ಹಡಗಿನಾಳು ಬಂದು ಗಾಜಿಗೆ ಕೈ ಅಡ್ಡ ಹಿಡಿದು ಒಳಗೆ ಇಣುಕಿದ. ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಧ್ವನಿವರ್ಧಕದಲ್ಲಿ ನಮ್ಮ ಕಾರಿನ ನಂಬರು ಕೂಗಿ, ಕಾರಿನವರು ಕೂಡಲೇ ಕೆಳಗೆ ಬರಬೇಕು ಎಂದು ಹೇಳಿದ್ದು ಹಡಗಿಗೆಲ್ಲ ಕೇಳಿಸಿತು.

ಐವಿಂದ್ ಬಾಯಿ ಒರೆಸಿಕೊಳ್ಳುತ್ತ ಓಡಿ ಬಂದ. ಓಡುವ ವಯಸ್ಸು ಅವನದಲ್ಲ. ಅವನು ಹತ್ತಿರ ಬರುತ್ತಿದ್ದಂತೆ ಕನ್ನಡಿಗಳು ಏನೂ ಆಗಿಲ್ಲವೆಂಬಂತೆ ಬಿಚ್ಚಿಕೊಂಡವು. ಕಿರುಚಾಟ ನಿಂತಿತು.

"ಯಾರೋ ನಾಯಿ ಬಿಟ್ಟು ಹೋಗಿದಾರೆ ಅಂದ್ಕೊಂಡೆ" ಎಂದ ಹಡಗಿನಾಳು. "ಹೆಂಡ್ತೀನ ಕೂಡಿಹಾಕಿ ದೋಸೆ ತಿನ್ನೋಕೆ ಹೋದೋನ್ನ ಇವತ್ತೇ ನೋಡಿದ್ದು, ಐವಿಂದ್."

ಸುತ್ತಲಿದ್ದವರು ನಕ್ಕರು. ಐವಿಂದನ ಕಿವಿ ಕೆಂಪಾಯಿತು. ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ದೂರ ಹೋದರೆ ಕಾರು ತಾನೇ ಬೀಗ ಹಾಕಿಕೊಳ್ಳುತ್ತದೆ, ಒಳಗೆ ಏನಾದರೂ ಅಲ್ಲಾಡಿದರೆ ಕಳ್ಳನೆಂದು ಕೂಗುತ್ತದೆ. ಫೆರಿಯಲ್ಲಿ ಅದನ್ನು ನಿಲ್ಲಿಸಿ ಇಳಿಯಬೇಕೆಂದು ನಿನ್ನೆ ತಾನೇ ಹೇಳಿಕೊಟ್ಟಿದ್ದೆನಲ್ಲ ಎಂದು ಸುನ್ನೀವ ಅವನನ್ನು ಕೇಳುತ್ತಿದ್ದಳು. ಅವಳ ಕೈಯಲ್ಲಿ ಕಾಗದದಲ್ಲಿ ಸುತ್ತಿದ ಸ್ವೇಲೆಯಿತ್ತು. ನನ್ನದು. ಅದೂ ಅವಳ ಕೈಯಲ್ಲಿ.

ನಾನು ಬಾಗಿಲು ತೆರೆದು ಇಳಿದೆ. ಮಡಿಲ ಚೂರುಗಳು ಹಡಗಿನ ನೆಲಕ್ಕೆ ಬಿದ್ದವು. ಉಳಿದ ಕೇಕನ್ನು ಅವಳ ಮುಂದೆ ಹಿಡಿದೆ.

"ಇದನ್ನ ನೀನು ಹಿಡ್ಕೋ ಸುನ್ನೀವ. ಮುಂದಿನ ಸೀಟು ನನ್ನದು."

ಅವಳು ತಕ್ಷಣ ಕೈ ಚಾಚಲಿಲ್ಲ. "ನನ್ನದು ಅಂತ ನಾನ್ಯಾವಾಗ ಅಂದೆ ಮಾರಾಯ್ತಿ?"

"ಅನ್ನಲಿಲ್ಲ. ಕೂತೆ."

ಐವಿಂದ್ ಏನೋ ಹೇಳಹೊರಟ. ಸುನ್ನೀವ ಅವನ ಕಡೆ ತಿರುಗಿ, ನೀನು ಸುಮ್ನಿರು, ಎಂದಳು. ಕೇಕು ತೆಗೆದುಕೊಂಡಳು. ಉದ್ದ ಕಾಲುಗಳನ್ನು ಮಡಚಿ ಹಿಂದೆ ತೂರಿಕೊಂಡಳು. ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು ಹೇಳಿದಳು.

"ನಿನ್ನ ಗಂಡನ್ನ ಇಟ್ಕೊಂಡು ನಾನೇನ್ ಮಾಡ್ಲಿ ಮಾಗ್ನಿ? ಹೇಳಿಕೊಟ್ಟಿದ್ದು ಸಂಜೆ ತನಕ ತಲೇಲಿ ನಿಲ್ಲಲ್ಲ. ಮನೇಲಿ ಮಾತಾಡೋಕೆ ಯಾರೂ ಇಲ್ಲ ನಂಗೆ. ಅವನು ಕರೆದ, ಬಂದೆ."

ಅದು ನಿಜವಿರಬಹುದೆಂದು ನನಗೆ ಅನಿಸಿತು. ನಿಜವೆನಿಸಿದರೆ ಹೊಟ್ಟೆಕಿಚ್ಚು ಆರುತ್ತದೆಂದು ತಿಳಿದವರು ಹೊಟ್ಟೆಕಿಚ್ಚು ಪಟ್ಟವರಲ್ಲ. ನಾನು ಮುಂದೆ ಕೂತೆ.

ಕೂತೆ ಅನ್ನುವುದಕ್ಕಿಂತ ಬಿದ್ದೆ ಅನ್ನಬೇಕು. ಸೀಟು ಅವಳ ಅಳತೆಗೆ ಹಿಂದಕ್ಕೆ ಸರಿದು ಅಂಗಾತ ವಾಲಿತ್ತು. ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಬೆಲ್ಟು ಕತ್ತನ್ನು ಕೊಯ್ಯುತ್ತಿತ್ತು. ಹಳೆಯ ಕಾರಿನಲ್ಲಿ ಸೀಟಿನಡಿ ಒಂದು ಸಲಾಕೆಯಿತ್ತು, ಎತ್ತಿ ನೂಕಿದರೆ ಮುಂದೆ ಬರುತ್ತಿತ್ತು. ಕೈ ಹಾಕಿ ತಡಕಿದೆ. ಏನೂ ಇಲ್ಲ. ಫೆರಿ ದಡ ಸೇರಿತು, ಇಳಿದೆವು, ಸುರಂಗ ಹೊಕ್ಕೆವು. ಸರಿ ಕೂತಿದೀಯಾ, ಎಂದು ಐವಿಂದ್ ಕೇಳಿದ. ಸರಿ, ಎಂದೆ. ನನಗೆ ಕಾಣುತ್ತಿದ್ದದ್ದು ಸುರಂಗವಲ್ಲ, ಕಾರಿನ ಚಾವಣಿ. ಈ ಸೀಟನ್ನು ಏರಿಸುವುದು ಹೇಗೆಂದು ಸಣ್ಣಗೆ ಅವನನ್ನು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಅವನು ಕಲಿತದ್ದೆಲ್ಲ ತನ್ನ ಬದಿಯದು. ಈ ಬದಿಯನ್ನು ಬಲ್ಲವಳು ಹಿಂದೆ ಕೂತಿದ್ದಳು, ನನ್ನ ಕೇಕು ಹಿಡಿದುಕೊಂಡು. ನಮ್ಮ ಮಾತು ಕೇಳಿಸಿಯೂ ಬಾಯಿ ಹಾಕದೆ.

ಕೇಳಬಾರದೆಂದು ಸುರಂಗ ಮುಗಿಯುವ ತನಕ ತಡೆದುಕೊಂಡೆ. ಬೆಳಕಿಗೆ ಬಂದ ಮೇಲೆ ಊಡ್ನಿಯ ಮನೆಯ ಬಾವುಟದ ಕಂಬ ದೂರದಲ್ಲಿ ಕಂಡಿತು. ಅಲ್ಲಿ ನೆಂಟರೆಲ್ಲ ಅಂಗಳದಲ್ಲಿ ನಿಂತಿರುತ್ತಾರೆ. ಹೊಸ ಕಾರಿನ ಮುಂದಿನ ಸೀಟಿನಲ್ಲಿ ನಾನು ಆಸ್ಪತ್ರೆಯಿಂದ ತಂದ ರೋಗಿಯ ಹಾಗೆ ಮಲಗಿ ಬಂದಿಳಿಯುವುದನ್ನು ನೋಡುತ್ತಾರೆ.

"ಸುನ್ನೀವ" ಎಂದೆ. "ಈ ಸೀಟು ಮುಂದೆ ತರೋದು ಹೇಗೆ?"

ಅವಳ ದನಿಯಲ್ಲಿ ಗೆದ್ದ ಸಂತೋಷವಿದೆಯೇ ಎಂದು ಕಿವಿಗೊಟ್ಟೆ. ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಸೀಟಿಗೂ ಬಾಗಿಲಿಗೂ ನಡುವಿನ ಸಂದಿಯಲ್ಲಿ ಉದ್ದ ಕೈ ತೂರಿಸಿ, ನನ್ನ ಬೆರಳು ಹಿಡಿದು ಒಂದು ಸಣ್ಣ ಗುಬುಟಿನ ಮೇಲೆ ಇಟ್ಟಳು.

"ಮುಂದಕ್ಕೆ ಒತ್ತಿ ಹಿಡಿ. ಬಿಡಬೇಡ. ಹೂಂ. ಈಗ ಇದನ್ನ ಮೇಲಕ್ಕೆ."

ಸೀಟು ಗುಂಯ್ ಎನ್ನುತ್ತ ಮುಂದೆ ಸರಿಯಿತು. ಬೆನ್ನು ನೆಟ್ಟಗಾಯಿತು. ಕಾಲು ನೆಲ ಮುಟ್ಟಿತು. ರಸ್ತೆ ಕಂಡಿತು, ಬಲಬದಿಯ ಸೇಬಿನ ತೋಟ ಕಂಡಿತು, ಐವಿಂದನ ಕೆನ್ನೆಯ ಮೇಲೆ ಒರೆಸದೆ ಉಳಿದ ಸಕ್ಕರೆ ಕಂಡಿತು.

"ಈಗ ಅದರ ಕೆಳಗಿಂದು ಒತ್ತು" ಎಂದಳು ಸುನ್ನೀವ. "ನಿನ್ನ ಅಳತೆ ನೆನಪಿಟ್ಕೊಳ್ಳುತ್ತೆ. ಇನ್ಮೇಲೆ ಯಾರು ಕೂತು ಎದ್ದುಹೋದ್ರೂ ಇದೊಂದು ಒತ್ತಿದ್ರೆ ನಿನ್ನ ಜಾಗಕ್ಕೇ ಬರುತ್ತೆ."

"ಈಗ ಅದರಲ್ಲಿ ಯಾರದಿದೆ?"

ಬಾವುಟವೊಂದು ಕಾಗದದ ಸದ್ದು ಮಾಡಿತು.

"ನನ್ನದು" ಎಂದಳು. "ನೀನು ಒತ್ತಿದ್ರೆ ಅಳಿಸಿಹೋಗುತ್ತೆ."

ಒತ್ತಿದೆ. ಒಂದು ಸಲ ಸಾಲದೇನೋ ಎನಿಸಿ ಇನ್ನೊಂದು ಸಲ ಒತ್ತಿದೆ.