ಅಲುಗದ ಜವಾನ

ಹಿತ್ತಾಳೆಯ ಬಕಲ್ಲು ಬಿಚ್ಚಿಕೊಳ್ಳಲಿಲ್ಲ. ಸರಸ ಗಂಡ ವೆಂಕಟನ ಹೊಟ್ಟೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದಳು, ಮೊಮ್ಮಗಳು ಮೋಕ್ಷಿತಾ ಪಟ್ಟಿ ಎಳೆದಳು. ಹೆಣ ಮೀಯಿಸುವ ಮೊದಲು ಜವಾನನ ಸಮವಸ್ತ್ರ ಬಿಚ್ಚಲೇಬೇಕಿತ್ತು. ಅಂಗಳದಲ್ಲಿ ಮ್ಯೂಸಿಯಮ್ಮಿನ ಮ್ಯಾನೇಜರ್ ರವಿರಾಜ್ ಅದಕ್ಕೇ ಕಾಯುತ್ತಿದ್ದ. ದೊಡ್ಡ ಹೂಹಾರ ತಂದಿದ್ದ, ಪಾಪ. ನಾಳೆ ಭಾನುವಾರ, ಜನ ಜಾಸ್ತಿ, ಪೇಟ ಕೋಟು ಇವತ್ತೇ ಬೇಕು ಎಂದು ಮೆಲ್ಲಗೆ ಹೇಳಿಯೂ ಇದ್ದ.

ಭಟ್ಟರು ಪಂಚಾಂಗ ಬಿಡಿಸಿ ಜೀವ ಹೋದ ಹೊತ್ತು ಕೇಳಿದರು. ಮಧ್ಯಾಹ್ನ ಹನ್ನೆರಡಕ್ಕೆ ಧನಿಷ್ಠಾ ನಕ್ಷತ್ರ ಹಿಡಿದಿತ್ತು. ಆಮೇಲೆ ಹೋಗಿದ್ದರೆ ದೋಷ. ಪ್ರಾಣ ಬಿಟ್ಟ ಮನೆಗೆ ಆರು ತಿಂಗಳು ಬೀಗ ಜಡಿದು ಎಲ್ಲರೂ ಹೊರಗಿರಬೇಕು.

ತಲೆ ಸುತ್ತಿತಂತೆ ಎಂದು ವೆಂಕಟನನ್ನು ಹನ್ನೆರಡೂವರೆಗೆ ಆಟೋದಲ್ಲಿ ತಂದು ಮಲಗಿಸಿದವನು ರವಿರಾಜನೇ. ಅವನೇ ಉತ್ತರ ಕೊಟ್ಟ.

"ಆಟೋದೊಳ್ಗೆ ನೀರ್ ಕೇಂಡ್ರ್. ಮನಿಗ್ ಬಂದ್ಮೇಲೇ ಜೀವ ಹೋದ್ದ್."

ಆರು ತಿಂಗಳು ಎಲ್ಲಿಗೆ ಹೋಗುವುದೆಂದು ಸರಸ ಲೆಕ್ಕ ಹಾಕಿದಳು. ವಂಡ್ಸೆಯಲ್ಲಿ ಮಗಳ ಮನೆಯೊಂದಿದೆ ನಿಜ. ಎರಡು ಕೋಣೆ, ಎಂಟು ಜನ, ಮೇಲೆ ಬೀಗಿತ್ತಿಯ ನಾಲಿಗೆ. ಗಂಡ ಹೋದ ದಿನವೇ ಮನೆಯೂ ಹೋಯಿತಲ್ಲ ಎಂದು ಅವಳಿಗೆ ಸತ್ತವನ ಮೇಲೇ ಸಿಟ್ಟು ಬಂತು.

*

ಹೊಳೆಬದಿಯ ಆ ಕಟ್ಟಡ ಬ್ರಿಟಿಷರ ಕಾಲದ ಸುಂಕದ ಕಚೇರಿ. ಅದು ಸರ್ಕಾರಿ ಆಫೀಸಾಗಿದ್ದಾಗ ವೆಂಕಟ ಅಲ್ಲಿ ಮೂವತ್ತು ವರ್ಷ ಜವಾನ. ಆಮೇಲೆ ಹಂಚಿನ ಮಾಡು ಕುಸಿದು ಬಾವಲಿ ಸೇರಿದವು. ಈಗ ಹಳೆ ಹಂಚು, ಹಳೆ ಸುಣ್ಣ, ಹಳೆ ಮೇಜು, ಎಲ್ಲ ಇದ್ದ ಹಾಗೆಯೇ ಮಾಡಿ ಮ್ಯೂಸಿಯಂ ತೆರೆದಿದ್ದರು. ಜವಾನನೊಬ್ಬ ಕಡಿಮೆ ಬಿದ್ದಿದ್ದ. ರವಿರಾಜ್ ಮನೆಗೇ ಬಂದು ಕರೆದ. ಕೆಂಪು ಪಟ್ಟಿ ಕಟ್ಟಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಬೇಕು, ಅಲ್ಲಾಡಬಾರದು. ಬಂದವರಿಗೆ ಬೊಂಬೆಯೋ ಮನುಷ್ಯನೋ ತಿಳಿಯಬಾರದು.

ಎರಡೇ ತಿಂಗಳಲ್ಲಿ ಪಳಗಿದ. ಮಕ್ಕಳು ಕೆನ್ನೆ ಚಿವುಟಿದರೂ ರೆಪ್ಪೆ ಬಡಿಯುತ್ತಿರಲಿಲ್ಲ.

"ಮುವತ್ತ್ ವರ್ಷ ಸಾಹೇಬ್ರ್ ಎದ್ರಿಗೆ ನಿಂತೇ ಇದ್ದಿದ್ದೆ," ಎನ್ನುತ್ತಿದ್ದ ಹೆಂಡತಿಗೆ. "ಈಗ ನಾ ಕೂಕಂಡ್ರೆ ಊರೇ ನಿತ್ಕಂಡ್ ಕಾಣತ್ತ್."

ಹೋದ ವಾರ ಎದೆ ಹಿಡಿದಂತಾಗುತ್ತದೆ, ನಡುವೆ ಎದ್ದು ನೀರು ಕುಡಿಯಲೇ ಎಂದು ಕೇಳಿದ್ದಕ್ಕೆ, ಬೊಂಬೆ ಎಲ್ಲಾದರೂ ನೀರು ಕುಡಿಯುತ್ತದೆಯೇ ಎಂದು ರವಿರಾಜ್ ನಕ್ಕಿದ್ದನಂತೆ. ಅದನ್ನೂ ತಮಾಷೆಯೆಂದೇ ಮನೆಗೆ ಬಂದು ಹೇಳಿದ, ಪುಣ್ಯಾತ್ಮ.

*

ಮೋಕ್ಷಿತಾ ಒಳಗಿಂದ ಫೋನು ಹಿಡಿದು ಬಂದಳು. ಮ್ಯೂಸಿಯಮ್ಮಿಗೆ ಹೋದವರೆಲ್ಲ ಅಜ್ಜನ ಜೊತೆ ಫೋಟೋ ತೆಗೆದು ಹಾಕುವುದು ರೂಢಿ. ಇವತ್ತಿನವು ಹತ್ತಾರು ಇದ್ದವು. ಗೋಡೆಯ ಹಳೆ ಗಡಿಯಾರವೂ ಎಲ್ಲದರಲ್ಲಿ ಕಾಣುತ್ತಿತ್ತು.

ಹನ್ನೊಂದೂ ಹತ್ತು. ಯಾರೋ ಹುಡುಗಿಯರು ಅವನ ತುಟಿಗೆ ಐಸ್‌ಕ್ರೀಮ್ ಒತ್ತಿದ್ದಾರೆ. ಅದು ಮೀಸೆಯಿಂದಿಳಿದು ಕೋಟಿನ ಗುಂಡಿಯವರೆಗೆ ಹರಿದಿದೆ. ಅಜ್ಜ ಆಗಲೇ ಹೋಗಿದ್ದಾರೆ ಎಂದಳು ಮೋಕ್ಷಿತಾ. ಭಟ್ಟರು ಅಡ್ಡಡ್ಡ ತಲೆಯಾಡಿಸಿದರು. ಅಲುಗದೆ ಕೂರುವುದೇ ಅವನ ಕೆಲಸವಾಗಿರುವಾಗ ಅಲುಗಲಿಲ್ಲ ಎಂಬುದು ಯಾವ ಸಾಕ್ಷಿ? ಸರಸಳಿಗೂ ಇಲ್ಲವೆನ್ನಲಾಗಲಿಲ್ಲ. ಬದುಕಿದ್ದರೂ ಅವನು ಒರೆಸಿಕೊಳ್ಳುತ್ತಿರಲಿಲ್ಲ.

ಮೋಕ್ಷಿತಾ ಮುಂದಿನದಕ್ಕೆ ಸರಿಸಿದವಳು ಹಾಗೇ ನಿಂತಳು. ಫೋನನ್ನು ಭಟ್ಟರ ಕೈಗೆ ಕೊಟ್ಟಳು. ಅವರು ಕನ್ನಡಕ ಏರಿಸಿ ನೋಡಿದರು, ಅಂಗಳದ ಕಡೆಗೊಮ್ಮೆ ನೋಡಿದರು, ಪಂಚಾಂಗ ಮಡಚಿದರು.

"ಮನಿ ಬಿಡುದ್ ಬ್ಯಾಡ, ಸರಸ."

ಸರಸ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಬ್ಬ, ಮನೆ ಉಳಿಯಿತು. ಆ ಸಮಾಧಾನದಲ್ಲೇ, ಉಳಿಸಿದ್ದು ಏನೆಂದು ನೋಡಲು ಫೋನು ತೆಗೆದುಕೊಂಡಳು.

ಹನ್ನೊಂದೂ ನಲವತ್ತು. ವೆಂಕಟನ ಕತ್ತು ಹೆಗಲ ಮೇಲೆ ವಾಲಿದೆ, ಪೇಟ ತೊಡೆಗೆ ಬಿದ್ದಿದೆ. ಹಿಂದೆ ನಿಂತ ರವಿರಾಜ್ ಒಂದು ಕೈಯಲ್ಲಿ ಅವನ ಕಾಲರಿನೊಳಗೆ ಮರದ ಅಡಿಕೋಲು ತುರುಕುತ್ತಿದ್ದಾನೆ. ಇನ್ನೊಂದು ಕೈ ಎತ್ತಿ, ನಗುತ್ತ, ಸಾಲಿನಲ್ಲಿ ಮುಂದಿದ್ದವರನ್ನು ಕರೆಯುತ್ತಿದ್ದಾನೆ.