ಇಂದ್ರಾಣಿಯ ಸರದಿ

ಬಿಸಿಲಿಗೆ ಕಾದ ಕಲ್ಲುಚಪ್ಪಡಿಯ ಮೇಲೆ ನೀರು ಬಿದ್ದಾಗ ಏಳುವ ವಾಸನೆ ನನಗೆ ಚಿಕ್ಕಂದಿನಿಂದಲೂ ಇಷ್ಟ. ಬಸವನಗುಡಿಯ ನಮ್ಮ ಮನೆಯ ಹಿತ್ತಲಲ್ಲಿ ಮಧ್ಯಾಹ್ನದ ಹೊತ್ತು ಆ ವಾಸನೆ ಬರುತ್ತಿತ್ತು. ಹಿತ್ತಲು ಗುಡಿಸುವ ಹೆಂಗಸು ಚಪ್ಪಡಿಯ ಮೇಲೆ ಕೂತು ಊಟ ಮಾಡಿ ಹೋದ ಮೇಲೆ ಅಜ್ಜಿ ಚೊಂಬಿನಲ್ಲಿ ನೀರು ತಂದು ಅಲ್ಲಿ ಸುರಿಯುತ್ತಿದ್ದಳು. ನಾನು ಓಡಿಹೋಗಿ ಬಗ್ಗಿ ಮೂಸುತ್ತಿದ್ದೆ. ಅಜ್ಜಿ ಕೆಟ್ಟವಳಲ್ಲ, ಆ ಹೆಂಗಸಿಗೆ ತುಪ್ಪ ಹಾಕಿಯೇ ಅನ್ನ ಕೊಡುತ್ತಿದ್ದಳು. ನೀರು ಯಾತಕ್ಕೆ ಎಂದು ಕಾಲೇಜಿಗೆ ಹೋಗುವ ಹೊತ್ತಿಗೆ ನನಗೆ ಅರ್ಥವಾಯಿತು. ಅರ್ಥವಾದ ಮೇಲೂ ವಾಸನೆ ಇಷ್ಟವಾಗುವುದು ನಿಲ್ಲಲಿಲ್ಲ.

ಈಗ ನಾನೇ ಅಜ್ಜಿಯ ವಯಸ್ಸಿನವಳು. ಬೆಳಿಗ್ಗೆ ಯಡಿಯೂರು ಕೆರೆಯ ಸುತ್ತ ನಡೆದು, ನಾವು ಕೆಲವು ಹೆಂಗಸರು ಬೆಂಚಿನ ಮೇಲೆ ಕೂತು ಪೇಪರು ಓದುತ್ತೇವೆ. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಅಭಿಪ್ರಾಯ ಹೇಳುವುದು. ವಾಕಿಂಗಿಗೆ ಬರುವ ಹುಡುಗರು ನಮ್ಮನ್ನು ‘ಪೇಪರ್ ಆಂಟಿಗಳು’ ಎನ್ನುತ್ತಾರಂತೆ. ರಸ್ತೆಗುಂಡಿಯಿಂದ ಹಿಡಿದು ಪಾರ್ಲಿಮೆಂಟಿನ ಗದ್ದಲದವರೆಗೆ ನಾವು ತೀರ್ಪು ಕೊಡದ ವಿಷಯವಿಲ್ಲ. ತಿಂಗಳಿಗೊಮ್ಮೆ ಸರದಿಯ ಪ್ರಕಾರ ಒಬ್ಬರ ಮನೆಯಲ್ಲಿ ಎಲ್ಲರಿಗೂ ಊಟ.

ಓದುವವರು ಇಂದ್ರಾಣಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಸ್ಪಷ್ಟವಾದ ದನಿ. ನನ್ನ ಎಡಗಿವಿ ಮಂದವೆಂದು ತಿಳಿದ ದಿನದಿಂದ ಅವರು ನನ್ನ ಬಲಗಡೆಗೇ ಕೂರುತ್ತಾರೆ. ಬಸ್ಸು ಹಾರ್ನ್ ಹೊಡೆದರೆ ನಿಲ್ಲಿಸಿ, ಆ ಸಾಲನ್ನು ಮತ್ತೆ ಓದುತ್ತಾರೆ.

ಅವರು ಜರಗನಹಳ್ಳಿಯ ಹಳೇ ಊರಿನವರು. ಮನೆಯಲ್ಲಿ ಬುದ್ಧನ ಪಟವಿದೆ, ಏಪ್ರಿಲ್ ಹದಿನಾಲ್ಕಕ್ಕೆ ತಮ್ಮ ಬೀದಿಯಲ್ಲಿ ಅನ್ನದಾನ ಮಾಡುತ್ತಾರೆ. ಇದನ್ನೆಲ್ಲ ಅವರು ಮುಚ್ಚಿಟ್ಟಿರಲಿಲ್ಲ, ನಾವೂ ಆಡಿರಲಿಲ್ಲ. ನಮ್ಮೆಲ್ಲರ ಮನೆಯಲ್ಲೂ ಅವರು ಊಟ ಮಾಡಿದ್ದರು. ಪಕ್ಕದಲ್ಲಿ ಕೂರಿಸಿಕೊಂಡು ಬಡಿಸುತ್ತೇವಲ್ಲ ಎಂದು ನಮಗೆ ನಮ್ಮ ಬಗ್ಗೆ ಒಳಗೊಳಗೇ ಮೆಚ್ಚುಗೆಯಿತ್ತು.

ಒಂದು ದಿನ ಅವರು ಓದಿದ ಸುದ್ದಿ ಒಂದು ಹಳ್ಳಿ ಶಾಲೆಯದು. ಬಿಸಿಯೂಟ ಮಾಡಲು ದಲಿತ ಹೆಂಗಸು ಬಂದಳೆಂದು ಅಪ್ಪ ಅಮ್ಮಂದಿರು ಮಕ್ಕಳಿಗೆ ಊಟ ಬಿಡಿಸಿದ್ದರು. ಅಡುಗೆಯೆಲ್ಲ ಹಾಗೇ ಉಳಿದಿತ್ತು. ಎಲ್ಲರೂ ಛೀ ಎಂದೆವು. ಬ್ಯಾಂಕಿನಲ್ಲಿದ್ದ ಶುಭಾ, ಅಂಥವರನ್ನೆಲ್ಲ ಒಳಗೆ ಹಾಕಬೇಕು ಎಂದರು. ಎಲ್ಲರಿಗಿಂತ ಹೆಚ್ಚು ಹೊತ್ತು ಮಾತಾಡಿದವಳು ನಾನು. ಈ ಕಾಲದಲ್ಲೂ ಹೀಗೆ ಎಂದು ನಿಜವಾಗಿಯೂ ಕಣ್ಣು ತುಂಬಿಕೊಂಡಿದ್ದೆ.

ಇಂದ್ರಾಣಿ ಪೇಪರು ಮಡಚಿದರು. “ಮುಂದಿನ ತಿಂಗಳು ನನ್ ಸರದಿ ಅಲ್ವಾ? ನಮ್ಮನೇಗೆ ಬನ್ನಿ ಎಲ್ರೂ.”

“ಓ, ಬರೋಣ ಬರೋಣ,” ಎಂದ ಶುಭಾ ಕೆರೆಯ ಕಡೆ ನೋಡಿದರು.

ಆ ವಾರವೇ ವಾಟ್ಸಾಪಿನಲ್ಲಿ ಒಂದೊಂದೇ ಸಂದೇಶ ಬಂತು. ಒಬ್ಬರಿಗೆ ಅಂದು ಉಪವಾಸ. ಇನ್ನೊಬ್ಬರಿಗೆ ಹೊರಗಿನ ಊಟ ಬೇಡವೆಂದು ಡಾಕ್ಟರು ಹೇಳಿದ್ದಾರೆ. ಶುಭಾಗೆ ಮಂಡಿನೋವು, ಕನಕಪುರ ರಸ್ತೆಯವರೆಗೆ ಬರಲಾರರು. ಇದೇ ಶುಭಾ ಹಿಂದಿನ ತಿಂಗಳು ತಿರುಪತಿ ಬೆಟ್ಟವನ್ನು ನಡೆದೇ ಹತ್ತಿ ಬಂದು ನಮಗೆಲ್ಲ ಲಡ್ಡು ಹಂಚಿದ್ದರು.

ನನಗೆ ಯಾವ ನೆಪವೂ ಇರಲಿಲ್ಲ. ಹೋಗಬಾರದು ಎಂದೂ ಇರಲಿಲ್ಲ. ಆದರೆ ಅಡುಗೆ ಮಾಡಿಟ್ಟುಕೊಂಡು ಬಾಗಿಲಲ್ಲಿ ಕಾಯುವ ಇಂದ್ರಾಣಿಯನ್ನು ನೆನೆದು ಸಂಕಟವಾಯಿತು. ಆ ನೋವು ಅವರಿಗೆ ತಪ್ಪಲಿ ಎಂದು ನಾನೇ ಫೋನು ಮಾಡಿದೆ. ಇಷ್ಟು ಜನಕ್ಕೆ ಒಬ್ಬರೇ ಬೇಯಿಸುವುದು ಕಷ್ಟ, ವಯಸ್ಸಾದ ಅತ್ತೆ ಬೇರೆ ಮನೆಯಲ್ಲಿದ್ದಾರೆ, ನಿಮಗ್ಯಾಕೆ ತೊಂದರೆ, ಎಲ್ಲರಿಗೂ ಹತ್ತಿರವಾಗುವಂತೆ ಜಯನಗರದಲ್ಲೇ ಒಂದು ಹೋಟೆಲಿನಲ್ಲಿ ಸೇರೋಣ ಎಂದೆ. ಮಾತು ಎಷ್ಟು ನಯವಾಗಿ ಬಂತೆಂದರೆ ನನಗೇ ಸಮಾಧಾನವಾಯಿತು.

“ಆಗ್ಲಿ ಮೇಡಂ,” ಎಂದರು ಇಂದ್ರಾಣಿ.

ಅಲ್ಲಿಯವರೆಗೆ ಅವರು ನನ್ನನ್ನು ಸರಸಕ್ಕ ಎನ್ನುತ್ತಿದ್ದರು.

ನನ್ನ ತಮ್ಮ ಕಿಟ್ಟಿಗೆ ಇದನ್ನು ಹೇಳಿದಾಗ ಅವನು ಕಾಫಿ ಕುಡಿಯುತ್ತ ನಕ್ಕ. “ನೀನು ಫಾರಿನ್ ಸರ್ವೀಸಲ್ಲಿ ಇರ್ಬೇಕಿತ್ತು ಕಣೆ ಅಕ್ಕ. ಯಾರಿಗೂ ಬೇಜಾರಾಗದ ಹಾಗೆ ಮುಗಿಸ್ದೆ.” ಆ ಹೊಗಳಿಕೆ ಕೇಳಿದ ಕೂಡಲೇ ನಾನು ಮಾಡಿದ್ದೇನೆಂದು ನನಗೆ ಕಾಣಿಸಿತು. ಮತ್ತೆ ಫೋನು ಮಾಡಲು ಮುಖವಿರಲಿಲ್ಲ. ಇಂದ್ರಾಣಿ ಕೆರೆಯ ಕಡೆ ಬರುವುದು ನಿಂತಿತು. ಪೇಪರನ್ನು ಶುಭಾ ಓದಿದರು. ಕೆಮ್ಮಿ ಕೆಮ್ಮಿ ಓದಿದ್ದರಲ್ಲಿ ಯಾವ ಸುದ್ದಿಯೂ ನನಗೆ ಕೇಳಿಸಲಿಲ್ಲ.

ಗೊತ್ತಾದ ಶನಿವಾರ ಹೋಟೆಲಿಗೆ ಎಲ್ಲರೂ ಬಂದರು. ಉಪವಾಸದವರೂ ಬಂದರು, ಹೊರಗಿನ ಊಟ ಆಗದವರೂ ಬಂದರು. ಶುಭಾ ಮಂಡಿಯನ್ನು ಮರೆತು ಮೆಟ್ಟಿಲು ಹತ್ತಿದರು. ನನ್ನ ಬಲಗಡೆಗೆ ಒಂದು ಕುರ್ಚಿ ಖಾಲಿ ಉಳಿಯಿತು. ಬಡಿಸುವವರು ಅಲ್ಲೂ ಒಂದು ಬಾಳೆಲೆ ಹಾಕಿ, ನೀರಿಟ್ಟು, “ಇವರು ಬರ್ತಾರಾ ಆಂಟಿ? ಪಲ್ಯ ಹಾಕ್ಲಾ, ಕಾಯ್ಲಾ?” ಎಂದು ಮೆಲ್ಲಗೆ ಕೇಳಿದರು. ಪಾಪ, ಇಂದ್ರಾಣಿಗೆ ಏನೋ ಕೆಲಸ ಬಂದಿರಬೇಕು ಎಂದು ಶುಭಾ ಹೇಳುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನನಗೆ ಆ ಎಲೆಯ ಪಕ್ಕದಲ್ಲಿ ಕೂರಲಾಗಲಿಲ್ಲ. ತಲೆನೋವೆಂದು ಎದ್ದುಬಂದೆ. ಅದೂ ಸುಳ್ಳೇ. ಕೆಳಗಿಳಿದು ಜರಗನಹಳ್ಳಿಗೆ ಆಟೋ ಹಿಡಿದೆ.

ಸಾರಕ್ಕಿ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ, ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕ್ಷಮಿಸಿ ಎನ್ನುವ ಮಾತನ್ನೂ ನಯ ಮಾಡುತ್ತಿದ್ದೆ. ಅಭ್ಯಾಸ.

ಹಳೇ ಊರಿನ ಓಣಿಯಲ್ಲಿ ಇಂದ್ರಾಣಿಯವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮನೆಯ ಮುಂದೆ ಚಪ್ಪಲಿಗಳ ರಾಶಿ. ಬಾಗಿಲ ಚಪ್ಪಡಿಯನ್ನು ಯಾರೋ ಆಗಷ್ಟೇ ತೊಳೆದಿದ್ದರು. ಆ ಬಿಸಿಲಿನಲ್ಲಿ ಅದೇ ವಾಸನೆ ಎದ್ದು ಬಂತು. ಇಲ್ಲಿ ಅದು ಬರುವವರಿಗಾಗಿ ತೊಳೆದ ಕಲ್ಲು. ಅದರ ಮೇಲೆ ಕಾಲಿಡಲು ನನಗೆ ನಾಚಿಕೆಯಾಯಿತು.

ಒಳಗೆ ಹಜಾರದ ತುಂಬ ಓಣಿಯವರು ಊಟಕ್ಕೆ ಕೂತಿದ್ದರು. ಇಂದ್ರಾಣಿ ಅನ್ನದ ಬೇಸಿನ್ ಹಿಡಿದುಕೊಂಡೇ ನನ್ನನ್ನು ನೋಡಿದರು. ಆಶ್ಚರ್ಯವನ್ನೂ ಸಿಟ್ಟನ್ನೂ ತೋರಿಸಲಿಲ್ಲ. ಬನ್ನಿ ಎಂದು ಕುರ್ಚಿ ಹಾಕಿ, ಫ್ಯಾನನ್ನು ನನ್ನ ಕಡೆ ತಿರುಗಿಸಿದರು.

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಅವರ ಅತ್ತೆ ಮುನಿಯಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಪೇಪರ್ ಓದೋ ಫ್ರೆಂಡಾ? ಹೋಟ್ಲಲ್ಲಿ ಊಟ ಚೆನ್ನಾಗಿತ್ತಾ ತಾಯಿ?”

“ಅತ್ತೆ, ಸುಮ್ನಿರಿ,” ಎಂದರು ಇಂದ್ರಾಣಿ.

“ನಾನೇನಂದೆ ಈಗ? ಸಾರು ಸಪ್ಪೆ ಅಂತ ಎಲ್ರೂ ಬೈತಾವ್ರೆ, ಅದನ್ನೂ ಕೇಳ್ಲಿ. ಯಾರೋ ತಿನ್ನಲ್ಲ ಅಂತ ಈರುಳ್ಳಿ ಹಾಕ್ಲಿಲ್ಲ ಇವ್ಳು. ಯಾರಿಗೋ ಹಲ್ಲಿಲ್ಲ ಅಂತ ಸೌತೆಕಾಯಿ ತುರಿದ್ಲು. ನಂಗೂ ಹಲ್ಲಿಲ್ಲ, ನಂಗೆ ಯಾವತ್ತಾದ್ರೂ ತುರಿದವ್ಳಾ?”

ಊಟಕ್ಕೆ ಕೂತವರು ನಕ್ಕರು. ಈರುಳ್ಳಿ ತಿನ್ನದವರು ಶುಭಾ. ಹಲ್ಲಿಲ್ಲದವಳು ನಾನು. ಸಾಮಾನೆಲ್ಲ ಮೊದಲೇ ತಂದಾಗಿತ್ತಂತೆ, ಗೆಳತಿಯರು ಬರುತ್ತಾರೆಂದು ಬೀದಿಗೆಲ್ಲ ಹೇಳಿಯೂ ಆಗಿತ್ತಂತೆ. ನನ್ನ ಫೋನು ಬಂದ ಮೇಲೆ ಓಣಿಯವರನ್ನೇ ಕರೆದರಂತೆ. ಇದನ್ನೆಲ್ಲ ಮುನಿಯಕ್ಕನೇ ಹೇಳಿದರು.

“ಆವತ್ತು ಫೋನಲ್ಲಿ ನಾನು...” ಎಂದು ಶುರು ಮಾಡಿದೆ.

“ಅದು ಬಿಡಿ ಮೇಡಂ. ಬಿಸ್ಲಲ್ಲಿ ಬಂದಿದೀರ, ನೀರು ಕುಡೀರಿ.”

ಕುಡಿದೆ. ಮುನಿಯಕ್ಕ ನನ್ನ ಗಂಟಲನ್ನೇ ನೋಡುತ್ತಿದ್ದರು.

ಇಂದ್ರಾಣಿ ಎಲ್ಲರಿಗೂ ಬಡಿಸಿದರು. ಇನ್ನೊಂದು ಸ್ವಲ್ಪ, ಇನ್ನೊಂದು ಸೌಟು ಎಂದು ಒತ್ತಾಯ ಮಾಡಿ ಬಡಿಸಿದರು. ನನ್ನ ಕುರ್ಚಿಯ ಮುಂದೆ ಹಾದುಹೋಗುವಾಗ ಮಾತ್ರ ಏನೂ ಹೇಳಲಿಲ್ಲ. ಮೊದಲು ಅದು ಕೋಪ ಅಂದುಕೊಂಡೆ. ಆಮೇಲೆ ತಿಳಿಯಿತು. ಇನ್ನೊಂದು ನೆಪ ಹೇಳುವ ಕಷ್ಟಕ್ಕೆ ನನ್ನನ್ನು ದೂಡಬಾರದೆಂದೇ ಅವರು ಕೇಳುತ್ತಿರಲಿಲ್ಲ. ಅವರು ಕರೆಯುವುದು ಒಮ್ಮೆ ಆಗಿಹೋಗಿತ್ತು. ಈಗ ನಾನು ಸುಮ್ಮನೆ ಎದ್ದು ಹೋದರೂ ಗೇಟಿನವರೆಗೆ ಬಂದು ಆಟೋ ಹತ್ತಿಸುತ್ತಿದ್ದರು. ಆಮೇಲೆ ಎಂದೂ ಕೆರೆಯ ಕಡೆ ಬರುತ್ತಿರಲಿಲ್ಲ.

ಯಾರ ಮನೆಯಲ್ಲೂ ಬಾಯಿಬಿಟ್ಟು ಊಟ ಕೇಳಬಾರದೆಂದು ಅಜ್ಜಿ ಕಲಿಸಿದ್ದಳು. ಇಷ್ಟು ವರ್ಷ ಕೇಳಿರಲಿಲ್ಲ. ಬೇರೆಯವರು ಕೇಳಿದಾಗ ಕೊಟ್ಟು ಅಭ್ಯಾಸ.

“ಇಂದ್ರಾಣಿ,” ಎಂದೆ. “ನಾನು ಊಟ ಮಾಡಿಲ್ಲ. ನಂಗೂ ಒಂದು ತಟ್ಟೆ ಕೊಡ್ತೀರಾ?”

ನಾನು ಕುರ್ಚಿಯಿಂದ ಇಳಿದು, ಮಂಡಿ ಹಿಡಿದುಕೊಂಡು, ಮುನಿಯಕ್ಕನ ಪಕ್ಕದಲ್ಲಿ ನೆಲಕ್ಕೆ ಕೂತೆ. ಆಕೆ ಗೊಣಗುತ್ತ ಕಾಲು ಮಡಚಿಕೊಂಡು ಜಾಗ ಬಿಟ್ಟರು.

ಇಂದ್ರಾಣಿ ಒಳಗೆ ಹೋದರು. ಬರುವಾಗ ತಟ್ಟೆಯಲ್ಲಿ ಅನ್ನ, ಸಾರು, ಒಂದು ಪಕ್ಕಕ್ಕೆ ತುರಿದ ಸೌತೆಕಾಯಿಯ ಕೋಸಂಬರಿ ಇತ್ತು. ನನ್ನ ಬಲಗಡೆಗೆ ಬಗ್ಗಿ, ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.